ಇಸಿದ್ರೊ ಎಂಬ ಹೆಸರು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಒಂದೇ ಒಂದು ಹೆಸರಿನ ಬಗ್ಗೆ ಮಾತಾಡೋಣ. ಇಸಿದ್ರೊ. ಫಿಲಿಪೀನ್ಸ್‌ನ ಹಳ್ಳಿಗಳಲ್ಲಿ ಹಳೆಯ ತಲೆಮಾರಿನ ಗಂಡಸರಿಗೆ ಇದ್ದ ಹೆಸರು.

ಸ್ಪೇನಿನವರು 1565ರಲ್ಲಿ ಸೆಬುವಿನಲ್ಲಿ ನೆಲೆಯೂರಿದರು, 1898ರವರೆಗೂ ಆಳಿದರು. ಪಾದ್ರಿಗಳ ಜೊತೆ ಸಂತರ ಕ್ಯಾಲೆಂಡರೂ ಬಂತು. ಮಗು ಹುಟ್ಟಿದ ದಿನ ಯಾವ ಸಂತನ ಹಬ್ಬವೋ ಆ ಹೆಸರನ್ನೇ ಇಡುವ ರೂಢಿ ಬೆಳೆಯಿತು. ನಾವು ನಕ್ಷತ್ರ ನೋಡಿ ಅಕ್ಷರ ಹುಡುಕ್ತೀವಲ್ಲ, ಹೆಚ್ಚುಕಡಿಮೆ ಹಾಗೇ. ಸ್ಪೇನಿನ ವಿರುದ್ಧ ದಂಗೆಯೆದ್ದ ಆಂಡ್ರೆಸ್ ಬೊನಿಫಾಸಿಯೊ ಹುಟ್ಟಿದ್ದು 1863ರ ನವೆಂಬರ್ 30, ಸಂತ ಆಂಡ್ರೆಸನ ಹಬ್ಬದ ದಿನ. ಮೇ 15 ಇಸಿದ್ರೊನ ದಿನ.

ಮೂಲ ಗ್ರೀಕ್ ಹೆಸರಿನ ಅರ್ಥ, ಐಸಿಸ್ ಕೊಟ್ಟ ಕಾಣಿಕೆ. ಐಸಿಸ್ ಈಜಿಪ್ಟಿನ ದೇವತೆ. ಅವಳ ಹೆಸರು ಹೊತ್ತವನು ಕ್ರೈಸ್ತ ಸಂತ! ಜ್ಞಾನಸ್ನಾನ ಮಾಡಿಸಿದ ಪಾದ್ರಿಗಳು ಇದಕ್ಕೆಲ್ಲ ತಲೆ ಕೆಡಿಸಿಕೊಂಡಂತೆ ಕಾಣಲ್ಲ.

ಆ ಸಂತ ಸುಮಾರು 900 ವರ್ಷಗಳ ಹಿಂದೆ ಮ್ಯಾಡ್ರಿಡ್‌ನಲ್ಲಿ ಯಾರದೋ ಹೊಲ ಉಳುತ್ತಿದ್ದ ಆಳು. ‘ಕೆಲಸ ಬಿಟ್ಟು ಪ್ರಾರ್ಥನೆಗೆ ಕೂರ್ತಾನೆ’ ಅಂತ ಜೊತೆಯವರು ಚಾಡಿ ಹೇಳಿದರಂತೆ. ಯಜಮಾನ ಬಂದು ನೋಡಿದರೆ ದೇವದೂತರೇ ನೇಗಿಲು ಹಿಡಿದಿದ್ದರಂತೆ. 1622ರಲ್ಲಿ ಸಂತ ಪದವಿ ಸಿಕ್ಕಿತು. ರಾಜನಲ್ಲ, ಬಿಷಪ್ ಅಲ್ಲ, ಕೈಯಲ್ಲಿ ನೇಗಿಲು. ಗದ್ದೆಯನ್ನೇ ನಂಬಿದ್ದ ಜನಕ್ಕೆ ಇವನು ನಮ್ಮವನು ಅನ್ನಿಸಿರಬೇಕು.

ಫಿಲಿಪೀನ್ಸ್‌ನ ಕೆಸೋನ್ ಪ್ರಾಂತ್ಯದ ಲುಕ್ಬಾನ್‌ನಲ್ಲಿ ಮೇ 15ರಂದು ಪಹಿಯಾಸ್ ಹಬ್ಬ. ಮನೆ ಮುಂದೆಲ್ಲ ಭತ್ತದ ತೆನೆ, ತರಕಾರಿ, ಹಣ್ಣಿನ ಅಲಂಕಾರ. ಕಿಟಕಿಗಳಿಂದ ಕೆಂಪು, ಹಸಿರು, ಹಳದಿ ಕಿಪಿಂಗ್ ಜೋತಾಡುತ್ತವೆ. ಅಕ್ಕಿ ಹಿಟ್ಟಿಗೆ ಬಣ್ಣ ಬೆರೆಸಿ, ಎಲೆಯ ಮೇಲೆ ತೆಳ್ಳಗೆ ಸವರಿ, ಹಬೆಯಲ್ಲಿ ಬೇಯಿಸುತ್ತಾರೆ. ಒಣಗಿಸಿ ಮೆಲ್ಲಗೆ ಬಿಡಿಸಿದರೆ ಎಲೆಯ ಒಂದೊಂದು ನರವೂ ಅದರಲ್ಲಿ ಮೂಡಿರುತ್ತದೆ. ಎಲೆ ಸಂಡಿಗೆ ಮಾಡಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಬ್ಬ ಮುಗಿದ ಮೇಲೆ ಕರಿದು ತಿನ್ನುವುದೂ ಉಂಟು.

ಬುಲಕಾನ್ ಪ್ರಾಂತ್ಯದ ಪುಲಿಲಾನ್‌ನಲ್ಲಿ ಹಿಂದಿನ ದಿನವೇ ಉಳುವ ಕೋಣಗಳ ಮೆರವಣಿಗೆ. ಚರ್ಚಿನ ಮುಂದೆ ಬಂದಾಗ ಅವು ಮುಂಗಾಲು ಮಡಿಸಿ ಮಂಡಿಯೂರುತ್ತವೆ. ಸುಮ್ನೆ ಊರುತ್ತವಾ? ಮೊದಲೇ ಕಲಿಸಿರುತ್ತಾರೆ.

ಈಗಿನ ಮಕ್ಕಳಿಗೆ ಜಾನ್, ಮಾರ್ಕ್ ಅಂತ ಇಂಗ್ಲಿಷ್ ಹೆಸರುಗಳೇ ಜಾಸ್ತಿ. ಇಸಿದ್ರೊ ಮಾತ್ರ ಊರ ಹೆಸರುಗಳಲ್ಲಿ ಗಟ್ಟಿಯಾಗಿ ಕೂತಿದ್ದಾನೆ, ಸಾನ್ ಇಸಿದ್ರೊ, ಅಂದರೆ ಸಂತ ಇಸಿದ್ರೊ ಅಂತ. ‘ಸಾನ್ ಇಸಿದ್ರೊಗೆ ಹೋಗಬೇಕು’ ಅಂದರೆ ಅಲ್ಲಿ ಸಾಲದು. ನಮ್ಮ ಹೊಸಹಳ್ಳಿಗಳ ಹಾಗೆ, ‘ಯಾವ ಸಾನ್ ಇಸಿದ್ರೊ?’ ಅನ್ನುವುದಕ್ಕೂ ಉತ್ತರ ಇಟ್ಟುಕೊಂಡಿರಬೇಕು.

ನಮಸ್ಕಾರ.