ಮ್ಯಾಂಜನಾರ್: ಸರ್ಕಾರ ಕಟ್ಟಿದ್ದು ಹೋಯಿತು, ಬಂಧಿಗಳು ಕಟ್ಟಿದ್ದು ಉಳಿಯಿತು

[ದೃಶ್ಯ: ಹೈವೇ 395. ಎಡಗಡೆ ಸಿಯೆರಾ ನೆವಾಡಾ ಬೆಟ್ಟಸಾಲು. ಬಯಲಿನಲ್ಲಿ ಒಂಟಿ ಕಾವಲು ಗೋಪುರ.]

ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಲ್ಲಿ ಬಹಳ ಜನ ಈ ರಸ್ತೆಯಲ್ಲಿ ಹೋಗಿರುತ್ತೀರಿ. ಮ್ಯಾಮತ್ ಲೇಕ್ಸ್‌ಗೆ ಹಿಮ ನೋಡಲು, ಇಲ್ಲಾ ಡೆತ್ ವ್ಯಾಲಿ ಕಡೆಗೆ. ಲೋನ್ ಪೈನ್ ಊರು ದಾಟಿ ಉತ್ತರಕ್ಕೆ ಸುಮಾರು ಹತ್ತು ಮೈಲಿ ಹೋದರೆ ಎಡಗಡೆ ಈ ಗೋಪುರ ಕಾಣುತ್ತದೆ. ಎಷ್ಟೋ ಜನ ಒಮ್ಮೆ ತಿರುಗಿ ನೋಡಿ ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಇಳಿದು ಏನು ನೋಡಬೇಕು, ಯಾಕೆ ನೋಡಬೇಕು ಅಂತ ಹೇಳುತ್ತೇನೆ.

ಈ ಜಾಗದ ಹೆಸರು ಮ್ಯಾಂಜನಾರ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ತನ್ನದೇ ಜನರನ್ನು ಕೂಡಿಹಾಕಿದ ಜಾಗ.

[ದೃಶ್ಯ: 1942ರ ಕಪ್ಪುಬಿಳುಪು ಫೋಟೋಗಳು. ಕೋಟಿಗೆ ನಂಬರ್ ಚೀಟಿ ಕಟ್ಟಿಕೊಂಡ ಮಕ್ಕಳು.]

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಹತ್ತೇ ವಾರ ಕಳೆದಿತ್ತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ನಂಬರಿನ ಆದೇಶಕ್ಕೆ ಸಹಿ ಹಾಕಿದರು. ಆದೇಶದಲ್ಲಿ ಜಪಾನೀಯರು ಅನ್ನುವ ಮಾತೇ ಇಲ್ಲ. ಸೈನ್ಯಕ್ಕೆ ಯಾರನ್ನು ಬೇಕಾದರೂ ಯಾವ ಪ್ರದೇಶದಿಂದ ಬೇಕಾದರೂ ಹೊರಗೆ ಹಾಕುವ ಅಧಿಕಾರ ಕೊಡಲಾಯಿತು, ಅಷ್ಟೇ. ಆದರೆ ಪಶ್ಚಿಮ ಕರಾವಳಿಯಲ್ಲಿ ಇಡೀ ಸಮುದಾಯ ಮನೆ ಖಾಲಿ ಮಾಡಬೇಕಾಗಿ ಬಂದಿದ್ದು ಜಪಾನಿ ಮೂಲದವರಿಗೆ ಮಾತ್ರ. 1,20,000ಕ್ಕೂ ಹೆಚ್ಚು ಜನ. ಅವರಲ್ಲಿ ಸುಮಾರು ಮೂರನೇ ಎರಡು ಭಾಗ ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಯಾರ ಮೇಲೂ ಕೇಸಿಲ್ಲ, ವಿಚಾರಣೆಯಿಲ್ಲ. ಕೈಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟು ಸಾಮಾನು ತರಬಹುದಿತ್ತು. ಅಂಗಡಿ, ಹೊಲ, ಮೀನುಗಾರಿಕೆ ದೋಣಿ, ಸಾಕಿದ ನಾಯಿ, ಎಲ್ಲ ಅಲ್ಲೇ ಬಿಟ್ಟು ಹೊರಟರು. ಅವರಿಗಾಗಿ ದೂರದ ಬಯಲುಗಳಲ್ಲಿ ಹತ್ತು ಕ್ಯಾಂಪ್ ಕಟ್ಟಿದರು. ಮ್ಯಾಂಜನಾರ್ ಅದರಲ್ಲಿ ಒಂದು. ಇಲ್ಲಿಗೆ ಬಂದವರು ಹೆಚ್ಚಿನಂಶ ಲಾಸ್ ಏಂಜಲೀಸ್ ಕಡೆಯವರು.

ಈಗ ಒಳಗೆ ಹೋಗೋಣ.

[ದೃಶ್ಯ: ಬ್ಲಾಕ್ 14. ಮರುನಿರ್ಮಾಣ ಮಾಡಿದ ಬ್ಯಾರಕ್‌ನ ಒಳಭಾಗ. ಹುಲ್ಲು ತುಂಬಿದ ಹಾಸಿಗೆಗಳು.]

ಒಟ್ಟು 36 ಬ್ಲಾಕ್. ಒಂದೊಂದರಲ್ಲಿ 14 ಬ್ಯಾರಕ್. ಹಲಗೆ ಗೋಡೆ, ಅದರ ಮೇಲೆ ಟಾರ್ ಪೇಪರ್, ಅಂದರೆ ಡಾಂಬರು ಬಳಿದ ಕಾಗದ. 20 ಅಡಿ ಅಗಲ, 25 ಅಡಿ ಉದ್ದದ ಒಂದು ರೂಮಿಗೆ ಎಂಟು ಜನ. ನಮ್ಮಲ್ಲಿ 20-30 ಸೈಟ್ ಅಂತೀವಲ್ಲ, ಅದಕ್ಕಿಂತಲೂ ಚಿಕ್ಕದು. ಒಂದು ಎಣ್ಣೆ ಒಲೆ, ನೇತುಹಾಕಿದ ಒಂದು ಬಲ್ಬು, ಕಬ್ಬಿಣದ ಮಂಚ. ಪರಿಚಯವೇ ಇಲ್ಲದ ಎರಡು ಸಂಸಾರಗಳು ಒಂದೇ ರೂಮಿನಲ್ಲಿ ಇದ್ದದ್ದೂ ಉಂಟು. ಹಲಗೆಗಳು ಹಸಿ ಮರದವು. ಒಣಗಿದಂತೆ ಸಂದು ಬಿಟ್ಟವು. ಈ ಕಣಿವೆಯ ಗಾಳಿ ಅನುಭವಿಸಿದವರಿಗೆ ಗೊತ್ತು, ಒಮ್ಮೆ ಬೀಸಿದರೆ ಕಣ್ಣು ಬಿಡಲು ಆಗುವುದಿಲ್ಲ. ಬೆಳಿಗ್ಗೆ ಎದ್ದರೆ ಹೊದಿಕೆ ತುಂಬ ಮರಳು. ಡಬ್ಬಿಗಳ ಮುಚ್ಚಳ ತಂದು ಹಲಗೆಯ ತೂತಿಗೆ ಹೊಡೆದು ಮುಚ್ಚಿಕೊಂಡರು.

ಬ್ಲಾಕ್ 9ರಲ್ಲಿ ಹೆಂಗಸರ ಶೌಚಾಲಯವನ್ನು ಇದ್ದ ಹಾಗೇ ಮತ್ತೆ ಕಟ್ಟಿದ್ದಾರೆ. ಇದನ್ನು ತಪ್ಪದೆ ನೋಡಿ. ಬೆನ್ನಿಗೆ ಬೆನ್ನು ಕೊಟ್ಟ ಕಮೋಡ್‌ಗಳ ಸಾಲು. ನಡುವೆ ಅಡ್ಡಗೋಡೆ ಇಲ್ಲ, ಬಾಗಿಲಿಲ್ಲ. ವಯಸ್ಸಾದ ತಾಯಂದಿರು ಮಧ್ಯರಾತ್ರಿ ಯಾರೂ ಇಲ್ಲದಿರುವಾಗ ಹೋಗುತ್ತಿದ್ದರು. ಕೆಲವರು ರಟ್ಟಿನ ಪೆಟ್ಟಿಗೆ ಹೊತ್ತೊಯ್ದು ಸುತ್ತ ಮರೆ ಮಾಡಿಕೊಳ್ಳುತ್ತಿದ್ದರು. ಯುದ್ಧಕಾಲದಲ್ಲಿ ಹೀಗೇ ಅಲ್ವಾ ಅಂತ ಹೇಳುವವರು ಇಲ್ಲಿ ಎರಡು ನಿಮಿಷ ನಿಲ್ಲಲಿ. ಅಡ್ಡಗೋಡೆ ಹಾಕದೆ ಇರುವುದರಿಂದ ಯಾವ ದೇಶದ ರಕ್ಷಣೆ ಆಗುತ್ತದೆ?

ಇಷ್ಟು ಹೊತ್ತು ತೋರಿಸಿದ್ದೆಲ್ಲ ಹೊಸದಾಗಿ ಕಟ್ಟಿದ್ದು ಅನ್ನುವುದು ಗಮನದಲ್ಲಿರಲಿ. ರಸ್ತೆಯಿಂದ ಕಾಣುವ ಕಾವಲು ಗೋಪುರ ಕೂಡ 2005ರದ್ದು. ಕ್ಯಾಂಪ್ ನಡೆಯುತ್ತಿದ್ದಾಗ ಅಂಥವು ಎಂಟು ಇದ್ದವು. ಯುದ್ಧ ಮುಗಿದ ಮೇಲೆ ಸರ್ಕಾರ ಬ್ಯಾರಕ್‌ಗಳನ್ನು ಬಿಚ್ಚಿ ಮಾರಿತು, ಗೋಪುರಗಳನ್ನು ಕೆಡವಿತು. ಹಾಗಾದರೆ ಆ ಕಾಲದ್ದು ಅಂತ ಉಳಿದದ್ದೇನು? ಬಾಗಿಲ ಬಳಿಯ ಎರಡು ಕಲ್ಲಿನ ಕಾವಲು ಚೌಕಿ. ಈಗ ವಿಸಿಟರ್ ಸೆಂಟರ್ ಆಗಿರುವ ದೊಡ್ಡ ಸಭಾಂಗಣ. ಸ್ಮಶಾನದ ಬಿಳಿ ಸ್ತಂಭ. ತೋಟಗಳ ಕಲ್ಲು, ಕೊಳ. ಇವೆಲ್ಲದರ ಹಿಂದೆ ಇರುವುದು ಇಲ್ಲಿ ಬಂಧಿಗಳಾಗಿದ್ದವರ ದುಡಿಮೆ. ನನ್ನನ್ನು ಈ ಜಾಗ ಹಿಡಿದಿಟ್ಟಿರುವುದು ಇದೇ ಕಾರಣಕ್ಕೆ.

[ದೃಶ್ಯ: ಬ್ಲಾಕ್ 34ರ ತೋಟ. ಒಣಗಿದ ಕೊಳ, ಸುತ್ತ ಆಯ್ದು ಜೋಡಿಸಿದ ಬಂಡೆಗಳು.]

ತೋಟಗಳ ಕಥೆ ಕೇಳಿ. ಮೂರು ಹೊತ್ತೂ ಊಟಕ್ಕೆ ಕ್ಯೂ. ಬಿಸಿಲು, ಧೂಳು, ಬೇಸಿಗೆಯಲ್ಲಿ 38 ಡಿಗ್ರಿ ದಾಟುವ ಸೆಖೆ. ಬ್ಲಾಕ್ 22ರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಉಎನೊ ಎಂಬಾತ, ಸಾಲಿನಲ್ಲಿ ನಿಂತವರಿಗೆ ಕಣ್ಣಿಗೆ ತಂಪಾಗಿ ಏನಾದರೂ ಇರಲಿ ಅಂತ ಪಕ್ಕದಲ್ಲಿ ಕೊಳ ತೋಡಲು ಹೊರಟ. ಬೇರೆ ಬ್ಲಾಕ್‌ಗಳವರೂ ಬೆಟ್ಟದಿಂದ ಬಂಡೆ ತಂದರು, ಸೇತುವೆ ಕಟ್ಟಿದರು, ನೀರು ಹರಿಸಿದರು. ಕ್ಯಾಂಪ್ ಮುಚ್ಚಿದ ಮೇಲೆ ಈ ತೋಟಗಳು ಮಣ್ಣಿನಡಿ ಹೂತುಹೋದವು. ಪುರಾತತ್ವದವರು, ಸ್ವಯಂಸೇವಕರು, ಇಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಸೇರಿ ಅವನ್ನು ಮತ್ತೆ ಅಗೆದು ತೆಗೆದಿದ್ದಾರೆ.

ಅದೇ ಉಎನೊ ಸುಮ್ನೆ ತೋಟ ಮಾಡಿಕೊಂಡು ಇರಲಿಲ್ಲ. ಅಡುಗೆ ಕೆಲಸದವರನ್ನು ಒಗ್ಗೂಡಿಸಿದ. ನಮ್ಮ ಪಾಲಿನ ಸಕ್ಕರೆ, ಮಾಂಸ ಎಲ್ಲಿ ಹೋಗುತ್ತಿದೆ ಅಂತ ಕೇಳಿದ. 1942ರ ಡಿಸೆಂಬರ್‌ನಲ್ಲಿ ಒಂದು ಹಲ್ಲೆ ಪ್ರಕರಣದಲ್ಲಿ ಅವನನ್ನು ಹಿಡಿದಾಗ ಜನ ಸೇರಿದರು. ಡಿಸೆಂಬರ್ 6ರ ರಾತ್ರಿ ಮಿಲಿಟರಿ ಪೊಲೀಸರು ಗುಂಪಿನ ಮೇಲೆ ಗುಂಡು ಹಾರಿಸಿದರು. ಇಬ್ಬರು ಹುಡುಗರು ಸತ್ತರು.

ಮಕ್ಕಳ ವಿಷಯ ಹೇಳಲೇಬೇಕು. ಇಲ್ಲಿ ಒಂದು ಅನಾಥಾಲಯ ಇತ್ತು. ಒಟ್ಟು 101 ಮಕ್ಕಳು ಅಲ್ಲಿದ್ದರು, ಹಸುಗೂಸುಗಳೂ ಸೇರಿ. ಅಪ್ಪ ಅಮ್ಮ ಇಲ್ಲದ ಕೂಸಿನಿಂದ ಅಮೆರಿಕಕ್ಕೆ ಏನು ಅಪಾಯ ಅಂತ ಆ ದಿನ ಯಾವ ಅಧಿಕಾರಿಗಾದರೂ ಅನಿಸಬೇಕಿತ್ತು.

[ದೃಶ್ಯ: ತೋಯೊ ಮಿಯಾತಾಕೆ ತೆಗೆದ ಕ್ಯಾಂಪಿನ ಚಿತ್ರಗಳು.]

ಬಂಧಿಗಳ ಹತ್ತಿರ ಕ್ಯಾಮೆರಾ ಇರಕೂಡದು ಅನ್ನುವುದು ನಿಯಮ. ಲಾಸ್ ಏಂಜಲೀಸ್‌ನಲ್ಲಿ ಸ್ಟುಡಿಯೋ ನಡೆಸುತ್ತಿದ್ದ ತೋಯೊ ಮಿಯಾತಾಕೆ ಒಂದು ಲೆನ್ಸ್ ಬಚ್ಚಿಟ್ಟುಕೊಂಡು ಬಂದರು. ಕ್ಯಾಂಪಿನಲ್ಲೇ ಮರದ ಪೆಟ್ಟಿಗೆ ಮಾಡಿಸಿ ಕ್ಯಾಮೆರಾ ಕಟ್ಟಿದರು. ಕದ್ದುಮುಚ್ಚಿ ಫೋಟೋ ತೆಗೆದರು. ಆಮೇಲೆ ಅನುಮತಿ ಸಿಕ್ಕಿತು, ಆದರೆ ವಿಚಿತ್ರ ಷರತ್ತು: ಎಲ್ಲ ಹೊಂದಿಸುವುದು ಅವರು, ಬಟನ್ ಒತ್ತುವುದು ಮಾತ್ರ ಬಿಳಿಯ ನೌಕರ. ಕೊನೆಗೆ ಆ ಷರತ್ತೂ ಹೋಯಿತು. ಕ್ಯಾಂಪಿನ ಬದುಕನ್ನು ಒಳಗಿದ್ದವರ ಕಣ್ಣಿನಿಂದ ನಾವು ಇವತ್ತು ನೋಡುತ್ತಿರುವುದು ಅವರಿಂದ.

ಇನ್ನು ಸ್ಮಶಾನ. ಕ್ಯಾಂಪಿನ ಪಶ್ಚಿಮದ ಅಂಚಿನಲ್ಲಿ, ಬೇಲಿಯ ಆಚೆ. ಬಿಳಿ ಸ್ತಂಭದ ಮೇಲೆ ಕಪ್ಪು ಜಪಾನಿ ಅಕ್ಷರಗಳು. 1943ರಲ್ಲಿ ರ್ಯೋಜೊ ಕಾಡೊ ಎಂಬ ಕಲ್ಲುಕೆಲಸದವರ ಮುಂದಾಳತ್ವದಲ್ಲಿ ಕಟ್ಟಿದ್ದು. ಕಾಡೊ ಕ್ಯಾಥೊಲಿಕ್. ಕಟ್ಟಿದ್ದು ಬೌದ್ಧ ರೀತಿಯ ಸ್ಮಾರಕ. ಬಾಗಿಲ ಬಳಿಯ ಕಾವಲು ಚೌಕಿಗಳೂ ಅವರ ಕೈಯದ್ದೇ. ಕ್ಯಾಂಪಿನಲ್ಲಿ ಸುಮಾರು 150 ಜನ ತೀರಿಕೊಂಡರು. ಹೆಚ್ಚಿನವರನ್ನು ದಹನ ಮಾಡಿದರು, ಇಲ್ಲಿ ಹೂಳಿದ್ದು 15 ಜನರನ್ನು. ಬಂದವರು ಸ್ತಂಭದ ಬುಡದಲ್ಲಿ ಕಾಗದದ ಕೊಕ್ಕರೆ, ನಾಣ್ಯ ಇಟ್ಟು ಹೋಗುತ್ತಾರೆ. ಅವನ್ನು ಮುಟ್ಟಬೇಡಿ.

ಇಲ್ಲಿದ್ದವರ ಮಕ್ಕಳೇ ಸೈನ್ಯಕ್ಕೂ ಸೇರಿದರು. ಸಡಾವೊ ಮುನೆಮೊರಿ ಅಂತ ಒಬ್ಬ ಯುವಕ. ತಾಯಿ ಮ್ಯಾಂಜನಾರ್‌ನಲ್ಲಿ ಬಂಧಿ. ಮಗ 1945ರ ಏಪ್ರಿಲ್‌ನಲ್ಲಿ ಇಟಲಿಯಲ್ಲಿ ಜೊತೆಗಾರರನ್ನು ಉಳಿಸಲು ಗ್ರೆನೇಡ್ ಮೇಲೆ ಬಿದ್ದು ಸತ್ತ. ಅಮೆರಿಕದ ಅತಿ ದೊಡ್ಡ ಸೇನಾ ಪದಕ ಅವನಿಗೆ ಸಿಕ್ಕಿತು.

1945ರ ನವೆಂಬರ್ 21ರಂದು ಕ್ಯಾಂಪ್ ಮುಚ್ಚಿತು. ಹೊರಟವರ ಕೈಗೆ 25 ಡಾಲರ್ ಮತ್ತು ಒಂದು ಟಿಕೆಟ್. ವಾಪಸ್ ಹೋಗಲು ಎಷ್ಟೋ ಜನರಿಗೆ ಮನೆಯೇ ಉಳಿದಿರಲಿಲ್ಲ. ಸುಪ್ರೀಂ ಕೋರ್ಟ್ 1944ರಲ್ಲಿ, ಮನೆ ಬಿಟ್ಟು ಹೋಗಲು ಒಪ್ಪದ ಫ್ರೆಡ್ ಕೊರೆಮಾಟ್ಸು ಎಂಬಾತನ ಕೇಸಿನಲ್ಲಿ, ಸರ್ಕಾರ ಮಾಡಿದ್ದು ಸರಿ ಅಂತ 6-3ರಲ್ಲಿ ತೀರ್ಪು ಕೊಟ್ಟಿತ್ತು. 1988ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನ ಮೂಲಕ ದೇಶ ಕ್ಷಮೆ ಕೇಳಿತು, ಬದುಕಿದ್ದ ಒಬ್ಬೊಬ್ಬರಿಗೆ 20,000 ಡಾಲರ್ ಕೊಟ್ಟಿತು. ಅಷ್ಟರಲ್ಲಿ ಹಿರಿಯರಲ್ಲಿ ಬಹಳ ಮಂದಿ ಹೋಗಿಬಿಟ್ಟಿದ್ದರು.

ಈ ಜಾಗ ಉಳಿದದ್ದೂ ತನ್ನಷ್ಟಕ್ಕೆ ತಾನೇ ಅಲ್ಲ. 1969ರಲ್ಲಿ ಕೆಲವರು ಇಲ್ಲಿಗೆ ಯಾತ್ರೆ ಶುರು ಮಾಡಿದರು. ಇಲ್ಲೇ ಬಂಧಿಯಾಗಿದ್ದ ಸ್ಯೂ ಕುನಿತೋಮಿ ಎಂಬ್ರಿ ವರ್ಷಗಟ್ಟಲೆ ಪಟ್ಟು ಹಿಡಿದು ಕೇಳಿದರು. 1992ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

[ದೃಶ್ಯ: ವಿಸಿಟರ್ ಸೆಂಟರ್ ಒಳಗೆ, ಹೆಸರುಗಳ ದೊಡ್ಡ ಪರದೆ.]

ಹೋಗುವವರಿಗೆ ಕೆಲವು ಮಾತು. ಲಾಸ್ ಏಂಜಲೀಸ್‌ನಿಂದ ಸುಮಾರು ನಾಲ್ಕು ಗಂಟೆ ದಾರಿ. ಟಿಕೆಟ್ ಇಲ್ಲ. ಮೊದಲು ವಿಸಿಟರ್ ಸೆಂಟರ್‌ಗೆ ಹೋಗಿ, ಇಲ್ಲಿದ್ದ 10,000ಕ್ಕೂ ಹೆಚ್ಚು ಜನರ ಹೆಸರು ಬರೆದ ಪರದೆ ನೋಡಿ. ಆಮೇಲೆ ಬ್ಯಾರಕ್, ತೋಟ, ಸ್ಮಶಾನ. ಕಾರಿನಲ್ಲೇ ಸುತ್ತುವ ದಾರಿ ಇದೆ, ಆದರೆ ತೋಟಗಳ ಹತ್ತಿರ ಇಳಿದು ನಡೆಯಿರಿ. ಟೋಪಿ, ನೀರು ಜಾಸ್ತಿ ಇಟ್ಟುಕೊಳ್ಳಿ, ಎಲ್ಲೂ ನೆರಳಿಲ್ಲ. ಮಕ್ಕಳಿದ್ದರೆ ಜೂನಿಯರ್ ರೇಂಜರ್ ಅನ್ನುವ ಮಕ್ಕಳ ಚಟುವಟಿಕೆ ಪುಸ್ತಕ ಕೇಳಿ ತೆಗೆದುಕೊಳ್ಳಿ. ಇಲ್ಲಿದ್ದವರ ಕುಟುಂಬಗಳ ಬಾಯಿಂದಲೇ ಕೇಳಬೇಕು ಅಂದರೆ ಏಪ್ರಿಲ್ ಕೊನೆಯ ಶನಿವಾರ ಹೋಗಿ. ಆ ಯಾತ್ರೆ ಈಗಲೂ ನಡೆಯುತ್ತದೆ, ಯಾರು ಬೇಕಾದರೂ ಸೇರಬಹುದು.