ಮನೆ ನಿಮ್ಮದು, ನೆಲ ಸಂಸ್ಥೆಯದು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ, ಅಟ್ಲಾಂಟಿಕ್ ಕಡಲ ದಂಡೆಯ ಮೇಲೆ ಓಷನ್ ಗ್ರೋವ್ ಅನ್ನೋ ಪುಟ್ಟ ಊರಿದೆ. ಅಲ್ಲಿ ಮನೆ ಕೊಂಡರೆ ಮನೆ ಮಾತ್ರ ನಿಮ್ಮದಾಗುತ್ತದೆ, ಅದರ ಕೆಳಗಿನ ನೆಲ ನಿಮ್ಮದಾಗುವುದಿಲ್ಲ. ನೆಲವೆಲ್ಲ ಮೆಥಡಿಸ್ಟ್ ಕ್ರೈಸ್ತರು, ಅಂದರೆ ಪ್ರಾಟೆಸ್ಟಂಟರಲ್ಲೇ ಒಂದು ಪಂಗಡದವರು, ಕಟ್ಟಿದ ಒಂದು ಸಂಸ್ಥೆಗೆ ಸೇರಿದ್ದು. ಮನೆಯವರಿಗೆ 99 ವರ್ಷದ ಗುತ್ತಿಗೆ, ಮುಗಿದ ಮೇಲೆ ಮತ್ತೆ ನವೀಕರಣ. ನೂರೈವತ್ತು ವರ್ಷ ದಾಟಿದರೂ ಈ ಏರ್ಪಾಡು ಬದಲಾಗಿಲ್ಲ. ಈ ಊರಿನ ಸೊಗಸು, ಜಗಳ ಎರಡೂ ಹುಟ್ಟಿದ್ದು ಇದರಿಂದಲೇ ಅಂತ ನನಗೆ ಅನಿಸುತ್ತದೆ.

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಲಕ್ಷಾಂತರ ಮನೆಗಳಲ್ಲಿ ಸಾವಾಗಿತ್ತು. ದಣಿದ ಜನ ಮತ್ತೆ ದೇವರ ಕಡೆ ತಿರುಗಿದ ಕಾಲ ಅದು. 'ಕ್ಯಾಂಪ್ ಮೀಟಿಂಗ್' ಅನ್ನೋ ಪದ್ಧತಿ ಆಗಲೇ ಹಳೆಯದು. ನಮ್ಮಲ್ಲಿ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗಿ, ತೋಪಿನಲ್ಲಿ ಬಿಡಾರ ಹೂಡುತ್ತಿದ್ದರಲ್ಲ, ಹಾಗೆ ಅಲ್ಲಿನವರು ಕಾಡಿನ ನಡುವೆ ಡೇರೆ ಹಾಕಿ, ದಿನಗಟ್ಟಲೆ ಪ್ರಾರ್ಥನೆ, ಹಾಡು, ಉಪದೇಶದಲ್ಲಿ ಕಳೆಯುತ್ತಿದ್ದರು. 1867ರಲ್ಲಿ ನ್ಯೂಜೆರ್ಸಿಯದೇ ವೈನ್‌ಲ್ಯಾಂಡ್‌ನಲ್ಲಿ ಅಂಥ ಒಂದು ದೊಡ್ಡ ಕೂಟ ನಡೆಯಿತು. ಅದರ ಹಿಂದೆ ಓಡಾಡಿದವರಲ್ಲಿ ವಿಲಿಯಂ ಆಸ್ಬೋರ್ನ್ ಎಂಬ ಪಾದ್ರಿಯೂ ಒಬ್ಬರು. ಬೇಸಿಗೆಯಲ್ಲಿ ಪ್ರಾರ್ಥನೆಗೂ ವಿಶ್ರಾಂತಿಗೂ ಒಂದು ಕಾಯಂ ಜಾಗ ಬೇಕು ಅಂತ ಅವರು ಕಡಲ ದಂಡೆ ಸುತ್ತಿದರು. ಕೊನೆಗೆ ಎರಡು ಸಣ್ಣ ಕೆರೆಗಳ ನಡುವೆ, ಮರಗಳಿದ್ದ, ಮರಳು ದಿಬ್ಬದ ಒಂದು ಜಾಗ ಹಿಡಿಸಿತು. ಅಲ್ಲಿ ಸೊಳ್ಳೆ ಕಡಿಮೆ ಅನ್ನೋದೂ ಒಂದು ಕಾರಣವಂತೆ!

1869ರ ಜುಲೈ 31ರ ರಾತ್ರಿ, ಸುಮಾರು ಇಪ್ಪತ್ತು ಜನ ಒಂದು ಡೇರೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಪ್ರಾರ್ಥನೆಗೆ ಕೂತರು. ಊರು ಶುರುವಾಗಿದ್ದು ಅಲ್ಲಿಂದ. ಅದೇ ವರ್ಷದ ಕೊನೆಗೆ ಸಂಸ್ಥೆ ಕಟ್ಟಿದರು. 26 ಜನ ಟ್ರಸ್ಟಿಗಳು, ಅದರಲ್ಲಿ 13 ಜನ ಪಾದ್ರಿಗಳು, 13 ಜನ ಸಾಮಾನ್ಯ ಭಕ್ತರು. ಎಲ್‌ವುಡ್ ಸ್ಟೋಕ್ಸ್ ಮೊದಲ ಅಧ್ಯಕ್ಷರು. 1870ರಲ್ಲಿ ರಾಜ್ಯದ ಶಾಸನಸಭೆ ಸನ್ನದು ಕೊಟ್ಟಿತು. ಆ ಸನ್ನದು ಸಂಸ್ಥೆಗೆ ಊರನ್ನು ಆಳುವ ಅಧಿಕಾರವನ್ನೂ ಕೊಟ್ಟಿತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನೆಲ ಒಬ್ಬರದೇ ಆಗಿದ್ದರಿಂದ ಒಂದು ಒಳ್ಳೆ ಕೆಲಸ ಸಾಧ್ಯವಾಯಿತು. ಕಡಲಿಗೆ ಹತ್ತಿರದ ಸಾಲುಗಳಲ್ಲಿ, ದಂಡೆಯ ಕಡೆ ಹೋದಂತೆ ಮನೆಗಳು ಬೀದಿಯಿಂದ ಹಿಂದೆ ಹಿಂದೆ ಸರಿದು ನಿಂತಿವೆ. ಬೀದಿ ಕಡಲ ಕಡೆ ಅಗಲವಾಗಿ ಬಾಯಿ ತೆರೆದುಕೊಳ್ಳುತ್ತದೆ. ಹಾಗಾಗಿ ಹಿಂದಿನ ಸಾಲಿನವರ ಜಗುಲಿಗೂ ಗಾಳಿ ಬರುತ್ತದೆ, ನೀರು ಕಾಣುತ್ತದೆ. ಕಡಲ ಮುಂದೆ ಗೋಡೆ ಎಬ್ಬಿಸಿಕೊಂಡು ನೋಟವನ್ನು ತಮ್ಮೊಬ್ಬರದೇ ಮಾಡಿಕೊಳ್ಳೋದು ಎಲ್ಲ ಕಡೆ ಇದ್ದದ್ದೇ. ಹಿಂದಿನ ಮನೆಯವರನ್ನೂ ನೆನಪಿಟ್ಟುಕೊಂಡು ಊರಿನ ನಕ್ಷೆ ಬರೆದವರನ್ನು ಮೆಚ್ಚಲೇಬೇಕು.

ರೈಲು ಬಂದದ್ದು 1875ರಲ್ಲಿ. ಆಮೇಲೆ ಜನ ನುಗ್ಗಿದರು. ಕೂಟಕ್ಕೆ ಕಟ್ಟಿದ ಚಪ್ಪರಗಳು ಸಾಲದೇ ಹೋದವು. 1894ರಲ್ಲಿ 'ಗ್ರೇಟ್ ಆಡಿಟೋರಿಯಂ' ಎದ್ದು ನಿಂತಿತು, ಅದೂ ಕೇವಲ 92 ದಿನಗಳಲ್ಲಿ. ಒಳಗೆಲ್ಲ ಮರ, ಮೇಲೆ ಸೇತುವೆಗೆ ಹಾಕುವಂಥ ಕಬ್ಬಿಣದ ಕಮಾನು. ಆಗ ಸುಮಾರು ಹತ್ತು ಸಾವಿರ ಜನ ಕೂರಬಹುದಿತ್ತು. ಈಗ ಆರು ಸಾವಿರಕ್ಕಿಂತ ಜಾಸ್ತಿ. 1908ರಲ್ಲಿ ರಾಬರ್ಟ್ ಹೋಪ್-ಜೋನ್ಸ್ ಎಂಬ ವಾದ್ಯ ತಯಾರಕರು ಅಲ್ಲಿ ಒಂದು ಭಾರಿ ಪೈಪ್ ಆರ್ಗನ್, ಅಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ವಾದ್ಯ, ಕೂರಿಸಿದರು. ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್ ಅಲ್ಲಿ ಮಾತಾಡಿದರು, ಇಟಲಿಯ ಹೆಸರಾಂತ ಒಪೆರಾ ಗಾಯಕ ಕರೂಸೋ ಹಾಡಿದರು.

ಮೊದಲ ಪ್ರಾರ್ಥನೆಗೆ ಜಾಗ ಹುಡುಕಿದ ಆಸ್ಬೋರ್ನ್ ಆಮೇಲೆ ಎಲ್ಲಿಗೆ ಹೋದರು ಗೊತ್ತಾ? ನಮ್ಮ ದೇಶಕ್ಕೆ. 1870ರ ದಶಕದಲ್ಲಿ ಅವರು ಭಾರತದ ಮೆಥಡಿಸ್ಟ್ ಮಿಷನ್ನಿನಲ್ಲಿ ದುಡಿದರು. ಅದೇ ದಶಕದಲ್ಲಿ ವಿಲಿಯಂ ಟೇಲರ್ ಎಂಬ ಅಮೆರಿಕದ ಉಪದೇಶಕರು ಬೆಂಗಳೂರಿಗೂ ಬಂದು ಸಭೆ ಕಟ್ಟಿದರು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು 1880ರಲ್ಲಿ ಹುಟ್ಟಿದ್ದು ಈ ಅಮೆರಿಕನ್ ಮೆಥಡಿಸ್ಟರ ಕೆಲಸದಿಂದಲೇ.

ಇನ್ನು ಓಷನ್ ಗ್ರೋವ್‌ನ ಭಾನುವಾರಗಳು. ಶನಿವಾರ ನಡುರಾತ್ರಿ ಊರ ಬಾಗಿಲಿಗೆ ಸರಪಳಿ ಬೀಳುತ್ತಿತ್ತು. ಆಮೇಲೆ ಭಾನುವಾರ ಮುಗಿಯುವ ತನಕ ಗಾಡಿ ಓಡಿಸುವಂತಿಲ್ಲ, ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ, ಕಡಲಲ್ಲಿ ಈಜುವಂತಿಲ್ಲ. ಅಮೆರಿಕದ ಅಧ್ಯಕ್ಷ ಗ್ರಾಂಟ್ ಬಂದಾಗ ಅವರೂ ಕುದುರೆಯನ್ನು ಹೊರಗೆ ಬಿಟ್ಟು ನಡೆದು ಒಳಗೆ ಹೋದರು ಅಂತ ಊರಿನವರು ಹೇಳುತ್ತಾರೆ. ಎಷ್ಟೋ ಮನೆಯವರಿಗೆ ಈ ನಿಶ್ಶಬ್ದವೇ ಇಷ್ಟವಾಗಿತ್ತು. ಮಕ್ಕಳು ರಸ್ತೆ ನಡುವೆ ಭಯವಿಲ್ಲದೆ ಓಡಾಡಬಹುದಿತ್ತು.

ಆದರೆ ಈ ನಿಯಮ ಮಾಡುತ್ತಿದ್ದವರು ಯಾರು? ಸಂಸ್ಥೆಯ ಟ್ರಸ್ಟಿಗಳು. ಅವರನ್ನು ಊರಿನವರು ಓಟು ಹಾಕಿ ಆರಿಸಿರಲಿಲ್ಲ. ಪೊಲೀಸರೂ ಸಂಸ್ಥೆಯವರೇ, ನ್ಯಾಯಾಲಯವೂ ಅವರದೇ. 1979ರಲ್ಲಿ ಕುಡಿದು ಗಾಡಿ ಓಡಿಸಿದ ಒಂದು ಮೊಕದ್ದಮೆ ನ್ಯೂಜೆರ್ಸಿಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಧಾರ್ಮಿಕ ಸಂಸ್ಥೆಯ ಕೈಗೆ ಸರ್ಕಾರದ ಅಧಿಕಾರ ಕೊಡೋದು ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟು ಹೇಳಿತು. ಸರಪಳಿ ಹೋಯಿತು, ಆಡಳಿತ ನೆಪ್ಚೂನ್ ಟೌನ್‌ಶಿಪ್ ಅನ್ನೋ ಸ್ಥಳೀಯ ಸರ್ಕಾರಕ್ಕೆ ಸೇರಿತು. ತೀರ್ಪು ಸರಿಯಾಗಿಯೇ ಇತ್ತು. ವಾರಕ್ಕೊಂದು ಶಾಂತ ದಿನ ಬೇಕಿದ್ದರೆ ಊರಿನವರೇ ಕೂತು ತೀರ್ಮಾನ ಮಾಡಿಕೊಳ್ಳಬೇಕು, ಅಲ್ವಾ?

ಅಧಿಕಾರ ಹೋದರೂ ನೆಲ ಹೋಗಲಿಲ್ಲ. ಜಗಳವೂ ನಿಲ್ಲಲಿಲ್ಲ. ಊರು ಒಂದಷ್ಟು ಕಾಲ ಸೊರಗಿತ್ತು. ಹಳೇ ಮನೆಗಳನ್ನು ಕೊಂಡು, ದುರಸ್ತಿ ಮಾಡಿ, ಬಣ್ಣ ಬಳಿದು ಮತ್ತೆ ಚೆಂದ ಮಾಡಿದವರಲ್ಲಿ ಸಲಿಂಗಿ ದಂಪತಿಗಳೂ ಬಹಳ ಮಂದಿ. 2007ರಲ್ಲಿ ಅಂಥ ಒಂದು ಜೋಡಿ ತಮ್ಮ ಮದುವೆಯಂಥ ಸಮಾರಂಭಕ್ಕೆ ಕಡಲ ದಂಡೆಯ ಮಂಟಪ ಕೇಳಿದಾಗ ಸಂಸ್ಥೆ ಕೊಡಲಿಲ್ಲ. ಎಲ್ಲರಿಗೂ ತೆರೆದಿಡುತ್ತೇವೆ ಅಂತ ಆ ಜಾಗಕ್ಕೆ ತೆರಿಗೆ ವಿನಾಯಿತಿ ಪಡೆದಿದ್ದರಲ್ಲ, ಅದೇ ಪ್ರಶ್ನೆಯಾಯಿತು. 2012ರಲ್ಲಿ ನ್ಯಾಯಾಧೀಶರು ಜೋಡಿಯ ಪರವಾಗಿ ಹೇಳಿದರು. ಭಾನುವಾರ ಬೆಳಿಗ್ಗೆ ಬೀಚ್ ಮುಚ್ಚುವ ಪದ್ಧತಿ ಮಾತ್ರ ಉಳಿದಿತ್ತು. ಅದನ್ನೂ ಬಿಡಿ ಅಂತ 2023ರಲ್ಲಿ ರಾಜ್ಯ ಸರ್ಕಾರ ಆದೇಶ ಕೊಟ್ಟಿತು. 2024ರ ಬೇಸಿಗೆಯಲ್ಲಿ ಬೀಚ್ ತೆರೆಯಿತು.

ಡೇರೆಗಳು ಮಾತ್ರ ಇನ್ನೂ ಇವೆ. ಹಿಂದೆ ಆರುನೂರರಷ್ಟಿದ್ದವು, ಈಗ 114. ಆಡಿಟೋರಿಯಂ ಸುತ್ತ ಒತ್ತೊತ್ತಾಗಿ ಸಾಲುಗಟ್ಟಿವೆ. ಮುಂದೆ ಪಟ್ಟೆ ಬಟ್ಟೆಯ ಜಗುಲಿ, ನಡುವೆ ಕ್ಯಾನ್ವಾಸ್ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು ಇರುವ ಪುಟ್ಟ ಮರದ ಗೂಡು. ಪಕ್ಕದ ಡೇರೆಯಲ್ಲಿ ಕೆಮ್ಮಿದರೂ ಇಲ್ಲಿಗೆ ಕೇಳಿಸಬೇಕು. ಸೆಪ್ಟೆಂಬರ್ ಬಂದರೆ ಕ್ಯಾನ್ವಾಸ್ ಬಿಚ್ಚಿ, ಸಾಮಾನೆಲ್ಲ ಹಿಂದಿನ ಗೂಡಿಗೆ ತುಂಬಿ ಬೀಗ ಹಾಕುತ್ತಾರೆ. ಒಂದು ಡೇರೆ ಸಿಗಲು ವರ್ಷಾನುಗಟ್ಟಲೆ ಕಾಯಬೇಕು.

ನ್ಯೂಜೆರ್ಸಿಯಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ನಿಮ್ಮವರು ಯಾರಾದರೂ ಅಲ್ಲಿದ್ದರೆ, ಬೇಸಿಗೆಯಲ್ಲಿ ಒಮ್ಮೆ ಹೋಗಿ ಬರಲು ಹೇಳಿ. ಪಕ್ಕದ ಊರಾದ ಆಸ್ಬರಿ ಪಾರ್ಕ್‌ನ ರೈಲು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಆರ್ಗನ್ ಕಛೇರಿ ಇರುವ ದಿನ ನೋಡಿಕೊಂಡು ಹೋಗಲಿ. ಡೇರೆಗಳ ಸಾಲಿನಲ್ಲಿ ನಡೆಯುವಾಗ ಒಳಗೆ ಇಣುಕಬೇಡಿ ಅಂತಲೂ ಹೇಳಿಬಿಡಿ. ಅವು ಜನ ಸಂಸಾರ ಮಾಡುವ ಮನೆಗಳು.

ನಮಸ್ಕಾರ.