ಗಡಿಯಾರ ಮೊದಲು, ಕೀಲಿಕೈ ಆಮೇಲೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ, ಅದಕ್ಕೇ ಈ ಸಭೆ. ಆಶಾ ಕಾರ್ಯಕರ್ತೆಯರು, ಮಾಸ್ತರುಗಳು ಇಷ್ಟು ಜನ ಬಂದಿರುವಾಗ ಮಿದುಳಿನ ಚಿತ್ರ ತೋರಿಸಿ ನಿದ್ದೆ ಬರಿಸುವುದಿಲ್ಲ. ಒಂದೇ ಮಾತು ಹಿಡಿದು ಜಗ್ಗುತ್ತೇನೆ. ನರದ ಕಾಯಿಲೆಯಲ್ಲಿ 'ಏನಾಯಿತು' ಅನ್ನುವುದು ಅರ್ಧ ಮಾತು. 'ಎಷ್ಟು ಹೊತ್ತಿನಲ್ಲಿ ಆಯಿತು' ಅನ್ನುವುದು ಉಳಿದರ್ಧ. ಕೈಯ ಶಕ್ತಿ ಕ್ಷಣದಲ್ಲಿ ಹೋದರೆ ಮೊದಲ ಅನುಮಾನ ರಕ್ತನಾಳದ ಮೇಲೆ, 108ಕ್ಕೆ ಫೋನ್ ಮಾಡಿ. ನಾಲ್ಕು ದಿನದಲ್ಲಿ ಹೋದರೆ ಅದೇ ದಿನ ಆಸ್ಪತ್ರೆ. ಆರು ತಿಂಗಳಲ್ಲಿ ಸವೆದರೆ ನರರೋಗ ತಜ್ಞರ ಓಪಿಡಿ ಚೀಟಿ ಸಾಕು.

ಒಂದು ಮನೆ ಅಂದುಕೊಳ್ಳಿ. ಬೆಳಿಗ್ಗೆ 6ಕ್ಕೆ ಸೊಸೆ ಕಾಫಿ ಕೊಡುತ್ತಾಳೆ, ಅತ್ತೆಯ ಬಲಗೈಯಿಂದ ಲೋಟ ಜಾರುತ್ತದೆ. ಬಾಯಿ ಎಡಕ್ಕೆ ಎಳೆದಿದೆ, ಮಾತು ತೊದಲುತ್ತಿದೆ. 'ರಾತ್ರಿ ಫ್ಯಾನ್ ಗಾಳಿ ಹೊಡೆದಿರಬೇಕು' ಅಂತ ಒಬ್ಬರು, 'ಎಣ್ಣೆ ತಿಕ್ಕಿ' ಅಂತ ಇನ್ನೊಬ್ಬರು. ಲಕ್ವಕ್ಕೆ ನಾಟಿ ಔಷಧ ಕೊಡುವವರ ನಂಬರ್ ನಮ್ಮ ಜನರ ಫೋನಿನಲ್ಲಿ ಇದ್ದೇ ಇರುತ್ತದೆ. ಹತ್ತಿರದ ಸಿಟಿ ಸ್ಕ್ಯಾನ್ ಎಲ್ಲಿದೆ ಅಂತ ಕೇಳಿ, ಯಾರಿಗೂ ಗೊತ್ತಿಲ್ಲ! ಅಂತೂ ಆಸ್ಪತ್ರೆ ಮುಟ್ಟಿದಾಗ ಏಳೂವರೆ. ಯಾವಾಗ ಆಯಿತು ಅಂತ ವೈದ್ಯರು ಕೇಳುತ್ತಾರೆ. '6ಕ್ಕೆ' ಅನ್ನುತ್ತಾರೆ ಮನೆಯವರು.

ತಪ್ಪು. 6ಕ್ಕೆ ನೀವು ನೋಡಿದ್ದು, ಆದದ್ದಲ್ಲ. ಅವರು ಕೊನೆಯ ಸಲ ಸರಿಯಾಗಿದ್ದದ್ದನ್ನು ಯಾರಾದರೂ ಕಂಡಿದ್ದು ಯಾವಾಗ, ಲೆಕ್ಕ ಅಲ್ಲಿಂದ. ರಾತ್ರಿ 10ಕ್ಕೆ ಮಲಗಿದ್ದರೆ ಒಂಬತ್ತೂವರೆ ಗಂಟೆ ಕಳೆದಿದೆ. ಮಿದುಳಿನ ನಾಳ ಕಟ್ಟಿದ ರಕ್ತದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನಿನ ಸಾಮಾನ್ಯ ಗಡುವು ನಾಲ್ಕೂವರೆ ಗಂಟೆ. ಅಷ್ಟರಲ್ಲಿ ಮೊಮ್ಮಗ ಬಾಯಿಬಿಡುತ್ತಾನೆ: '4 ಗಂಟೆಗೆ ಅಜ್ಜಿ ಬಚ್ಚಲಿಗೆ ಎದ್ದಿದ್ರು. ಇನ್ನೂ ಮೊಬೈಲ್ ನೋಡ್ತಿದ್ದೀಯೇನೋ ಅಂತ ಬೈದ್ರು.' ಬೈಗುಳ ಸ್ಪಷ್ಟವಾಗಿತ್ತು, ತಾವೇ ನಡೆದು ಹೋಗಿದ್ದರು. ಹಾಗಾದರೆ ಲೆಕ್ಕ ನಾಲ್ಕರಿಂದ. ಇನ್ನೂ ಒಂದು ಗಂಟೆ ಕೈಯಲ್ಲಿದೆ. ಮೊಬೈಲಿನಿಂದ ಇಂಥ ಉಪಕಾರವೂ ಆಗುವುದುಂಟು.

ಆ ಒಂದು ಗಂಟೆಯಲ್ಲಿ ಮೊದಲು ಸಿಟಿ ಸ್ಕ್ಯಾನ್. ನಾಳ ಕಟ್ಟಿಕೊಂಡರೂ ಒಡೆದರೂ ಹೊರಗಿಂದ ರೋಗಿ ಒಂದೇ ಥರ ಕಾಣುತ್ತಾರೆ. ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಒಡೆದಿದ್ದರೆ ರಕ್ತಸ್ರಾವ ಹೆಚ್ಚೀತು. ಬಿಪಿ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ಕಟ್ಟಿಕೊಂಡ ನಾಳದ ಆಚೆಗೆ ಒಂದಿಷ್ಟು ರಕ್ತ ತಳ್ಳುತ್ತಿರುವುದೇ ಆ ಒತ್ತಡ. ನೀರೂ ಬೇಡ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿದೀತು. ಗ್ಲುಕೋಮೀಟರ್ ಇದ್ದರೆ ಸಕ್ಕರೆ ನೋಡಿ, ಸಕ್ಕರೆ ಇಳಿದಾಗಲೂ ಲಕ್ವದಂತೆಯೇ ಕಾಣಬಹುದು. ಗಡುವು ದಾಟಿತು ಅಂತ ಮನೆಯಲ್ಲೇ ಕೂರಬೇಡಿ. ದೊಡ್ಡ ನಾಳದ ಹೆಪ್ಪನ್ನು ತಂತಿ ತೂರಿಸಿ ಎಳೆದು ತೆಗೆಯುವುದಕ್ಕೆ ಆಯ್ದ ರೋಗಿಗಳಲ್ಲಿ 24 ಗಂಟೆವರೆಗೂ ಅವಕಾಶವಿದೆ. ಇನ್ನು, ಹತ್ತೇ ನಿಮಿಷದಲ್ಲಿ ಕೈ ಸರಿಹೋಯಿತು, ಬಾಯಿ ನೇರವಾಯಿತು ಅಂತ ಸಮಾಧಾನಪಡುವವರೇ ಹೆಚ್ಚು. ನಿಜವಾದ ಹೊಡೆತ ಬೀಳುವ ಭಯ ಮುಂದಿನ ಎರಡು ದಿನದಲ್ಲೇ ಹೆಚ್ಚು. ಅವರೂ ಅದೇ ದಿನ ಆಸ್ಪತ್ರೆಗೆ.

ಈಗ ಕೀಲಿಕೈ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಅಂತ ನಂಬಿಕೆ. ನಿಲ್ಲುತ್ತದೆ, ಸುಳ್ಳಲ್ಲ! ಸಾಮಾನ್ಯವಾಗಿ ಫಿಟ್ಸ್ ತಾನಾಗಿಯೇ ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಕೀಲಿಕೈ ಸಿಗುವುದಕ್ಕೂ ಅಷ್ಟೇ ಹೊತ್ತು ಬೇಕು. ಕೀರ್ತಿ ಕೀಲಿಕೈಗೆ. ಹುಡುಕುವ ಬದಲು ಗಡಿಯಾರ ನೋಡಿ, ನೋಡಿದಿರಾ, ಮತ್ತೆ ಅಲ್ಲಿಗೇ ಬಂದೆ. ತಲೆಯ ಕೆಳಗೆ ಟವೆಲ್ ಮಡಚಿಡಿ, ಪಕ್ಕಕ್ಕೆ ಹೊರಳಿಸಿ. ಕೈಕಾಲು ಅದುಮಬೇಡಿ, ಬಾಯಿಗೆ ಚಮಚ ತುರುಕಬೇಡಿ: ಹಲ್ಲು ಮುರಿಯುತ್ತದೆ. ನಾಲಿಗೆ ನುಂಗಿಹೋಗುವುದಿಲ್ಲ. 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೊಂದು ಬಂದರೆ, ಗರ್ಭಿಣಿಯಾದರೆ 108. ಮೊದಲ ಸಲ ಬಂದದ್ದಾದರೆ, ನಿಂತುಹೋದರೂ ವೈದ್ಯರಿಗೆ ತೋರಿಸಲೇಬೇಕು. ಇನ್ನೊಬ್ಬರು ಫೋನಿನಲ್ಲಿ ವಿಡಿಯೋ ಹಿಡಿಯಲಿ. ಎಷ್ಟೋ ಸಲ ಎಂಆರ್‌ಐಗಿಂತ ಅದೇ ಹೆಚ್ಚು ಹೇಳುತ್ತದೆ. ಮಾಸ್ತರರೇ, ಪಾಠದ ನಡುವೆ ಹತ್ತು ಸೆಕೆಂಡು ಕಣ್ಣು ನೆಟ್ಟು, ಕರೆದರೂ ಓಗೊಡದೆ, ಮತ್ತೆ ಏನೂ ಆಗದವರಂತೆ ಬರೆಯುವ ಮಗುವಿದ್ದರೆ ಬೆಂಚಿನ ಮೇಲೆ ನಿಲ್ಲಿಸಬೇಡಿ. ಅದೂ ಫಿಟ್ಸ್ ಇರಬಹುದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ತಲೆನೋವಿಗೇ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಇರಲಿ. ಒಂದೇ ನಿಮಿಷದೊಳಗೆ ತಾರಕಕ್ಕೇರಿದ, ಹುಟ್ಟಿದಂದಿನಿಂದ ಕಾಣದಂಥ ತಲೆನೋವು. ಜ್ವರದ ಜೊತೆ ಕತ್ತು ಬಗ್ಗದಿರುವುದು: ಎರಡಕ್ಕೂ ಆಗಲೇ ಹೊರಡಿ. ವಯಸ್ಸು 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನು ಒಂದೆರಡು ದಿನದಲ್ಲೇ ತೋರಿಸಿ.

ಭೇದಿಯೋ ನೆಗಡಿಯೋ ಆಗಿ ಒಂದೆರಡು ವಾರಕ್ಕೆ ಪಾದದಲ್ಲಿ ಜುಮುಗುಟ್ಟುವಿಕೆ, ಆಮೇಲೆ ಮೆಟ್ಟಿಲು ಹತ್ತಲಾಗದು, ಆಮೇಲೆ ಕೈ ಎತ್ತಲಾಗದು ಅನ್ನುವವರನ್ನು ಸುಸ್ತು ಅಂತ ಮಲಗಿಸಬೇಡಿ. ಮುಂದಿನ ಸರದಿ ಉಸಿರಿನದು. ಒಂದೇ ಉಸಿರಿಗೆ ಒಂದು ಎರಡು ಎಣಿಸಲು ಹೇಳಿ. 20 ಮುಟ್ಟುವ ಮೊದಲೇ ಉಸಿರು ಸಾಲದಿದ್ದರೆ ಐಸಿಯು ಇರುವ ಆಸ್ಪತ್ರೆಗೇ ಒಯ್ಯಿರಿ.

ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅದೇ ದಿನ.

ನಿಧಾನದ ಕಾಯಿಲೆಗಳಿಗೆ ಸಮಯವೇ ಉಳಿಯಲಿಲ್ಲ. ಚಲನೆ ನಿಧಾನವಾಗುತ್ತ ಹೋಗುವ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಇಷ್ಟು: ನಡೆಯುವಾಗ ಒಂದು ಕೈ ಬೀಸುತ್ತಿಲ್ಲ, ಬರವಣಿಗೆ ಸಾಲಿನ ಕೊನೆಗೆ ಇರುವೆಯಷ್ಟು ಸಣ್ಣಗಾಗುತ್ತಿದೆ ಅನ್ನಿಸಿದರೆ ತಜ್ಞರ ಹತ್ತಿರ ಹೋಗುವಾಗ ಐದು ವರ್ಷದ ಹಿಂದಿನ ಕೈಬರಹದ ಒಂದು ಹಾಳೆಯನ್ನೂ ಜೊತೆಗೆ ಒಯ್ಯಿರಿ.